ಗ್ರಹಣದ ಬದನೆಕಾಯಿ

ಗಡಹಿಂಗ್ಲಜದ ಬಸ್ ನಿಲ್ದಾಣದಲ್ಲಿ ಮಧ್ಯಾಹ್ನದ ಬೆಳಕು ಜೇನಿನಂತೆ ಮಂದವಾಗಿ ಇಳಿಯುತ್ತಿತ್ತು. ಹಿರಣ್ಯಕೇಶಿ ಹೊಳೆಯ ಕಡೆಯ ಗಾಳಿಗೆ ನನ್ನ ಕಣ್ಣುಗಳು ಅರೆಮುಚ್ಚಿದ್ದವು. ಕೊಲ್ಹಾಪುರದ ಆಸ್ಪತ್ರೆಯಿಂದ ಮರಳುತ್ತಿದ್ದ ಅಜ್ಜಿಯೊಬ್ಬರು ಪಕ್ಕದಲ್ಲಿ ಕುಳಿತು, ಮೊಮ್ಮಗಳ ಕಾಲಿನ ಆಧಾರಪಟ್ಟಿ ಬಿಚ್ಚಿ, ಪಾದವನ್ನು ಸವರುತ್ತಿದ್ದರು.

“ಕಚಗುಳಿ ಆಗತೈತೇನ, ರುತುಜಾ?”

“ಇಲ್ಲ ಆಯಿ. ಬೆನ್ನಾಗಿನ ನರ ಪಾದದ ಸುದ್ದಿ ಮ್ಯಾಲ ಮುಟ್ಟಸಂಗಿಲ್ಲಂತ ಡಾಕ್ಟರ್ ಹೇಳಿದ್ರಲ್ಲ? ನೀ ನಿದ್ದಿ ಹೊಡದಿ.”

“ಕೇಳೇನಿ ತಗೊ. ಹುಟ್ಟೂ ಮೊದಲ ಬೆನ್ನೆಲುಬು ಪೂರಾ ಮುಚ್ಚಿರಲಿಲ್ಲ ಅಂದ್ರು. ಹೆಂಗ ಮುಚ್ಚತೈತಿ? ನೀ ಹೊಟ್ಯಾಗ ಇದ್ದಾಗ ನಿಮ್ಮವ್ವ ಗ್ರಹಣದಾಗ ಬದನಿಕಾಯಿ ಹೆಚ್ಚಿದ್ಲು.”

“ಅದನ್ನೂ ಡಾಕ್ಟರ್‌ಗೆ ಕೇಳಿದ್ನಿ.”

“ಏನಂದ್ರು?”

“ಬೆನ್ನು ಮುಚ್ಚೂದು ಮೊದಲನೇ ತಿಂಗಳದಾಗಂತ. ಆವಾಗ ನಾ ಹೊಟ್ಯಾಗ ಇದ್ದದ್ದ ಅವ್ವಗ ಗೊತ್ತಿರಲಿಲ್ಲ. ಗ್ರಹಣ ಯಾವಾಗ ಆತು?”

ಅಜ್ಜಿಯ ಕೈ ಪಾದದ ಮೇಲೆಯೇ ನಿಂತಿತು.

“ಏಳನೇ ತಿಂಗಳದಾಗ. ಸೀಮಂತದ ಕುಬಸ ಆದ ಮ್ಯಾಲ.”

“ಹಂಗಾದ್ರ ಅವ್ವ ಏನ್ ಮಾಡಿದ್ಲು?”

ಅಜ್ಜಿ ಆ ಪಾದವನ್ನು ಮಡಿಲಿಗೆ ಎಳೆದುಕೊಂಡರು.

“ಏನೂ ಮಾಡಿಲ್ಲವ್ವ. ಅವತ್ತಿಂದ ನಾ ಅಕೀ ಕೂಡ ನೆಟ್ಟಗ ಮಾತಾಡಿಲ್ಲ. ಮನ್ಯಾಗ ಬದನಿಕಾಯಿ ಸೈತ ತರಗೊಟ್ಟಿಲ್ಲ.”

“ಅದಕ್ಕ ನನಗ ಬದನಿ ಎಣಗಾಯಿ ರುಚಿನ ಗೊತ್ತಿಲ್ಲ.”

ಅಜ್ಜಿ ಆಧಾರಪಟ್ಟಿಗಳನ್ನು ಒಂದೊಂದಾಗಿ ಬಿಗಿದರು.

“ಏಳು. ಬಸ್ ಬರೂದ್ರೊಳಗ ಪ್ಯಾಟಿಗೆ ಹೋಗಿ ಬರೂನು. ಇವತ್ತ ನಾನ ಹೆಚ್ಚತೇನಿ, ನಿಮ್ಮವ್ವ ಕುಂತು ಉಣ್ಲಿ.”

“ಆಯಿ, ಇವತ್ತ ಗ್ರಹಣ ಏನಾರ ಐತೇನ ನೋಡ್ಕೊ!”

“ಇದ್ರ ಇರಲಿ, ನಡಿ.”

ಮೊಮ್ಮಗಳ ನಿಧಾನದ ಹೆಜ್ಜೆಗೆ ತಮ್ಮ ಹೆಜ್ಜೆಯನ್ನು ಹೊಂದಿಸುತ್ತ, ಅಜ್ಜಿ ಆ ಬೆಳಕಿನೊಳಗೆ ನಡೆದುಹೋದರು.