ಮೆಲ್ಲಗೆ ಹಿಡಿಯಲಾರದ ಕೈ

“ಉಸಿರು ಬಿಡೋ ಅಣ್ಣಾ, ಮುಖ ಕೆಂಪಗಾಗ್ತಿದೆ!”

ಹೃದಯದ ಡಾಕ್ಟರ ಕೋಣೆಯ ಹೊರಗೆ ಬೇಕರಿಯವನು ಹಲ್ಲು ಕಚ್ಚಿ, ಬಿಪಿ ಇಳಿಸಲೆಂದು ಡಾಕ್ಟರು ಕೊಟ್ಟ ವ್ಯಾಯಾಮದ ಸ್ಪ್ರಿಂಗನ್ನು ಮುಷ್ಟಿಯಲ್ಲಿ ಹಿಂಡುತ್ತಿದ್ದ. ಎದುರು ಬೆಂಚಿನಲ್ಲಿದ್ದ ಟೀಚರ್ ತಂಗಿಗೆ ನೋಡಿನೋಡಿಯೇ ತನ್ನ ಬಿಪಿ ಏರಿದಂತಾಯಿತು.

“ಮೆಲ್ಲಗೆ ಹಿಡಿ, ಉಸಿರಾಡ್ತಾ ಇರು ಅಂದಿದ್ರಲ್ಲ ಡಾಕ್ಟ್ರು?”

“ಮೆಲ್ಲಗೆ ಹಿಡಿಯೋಕೆ ಇದೇನು ಹಸುಗೂಸಾ? ದಿನವಿಡೀ ಹಿಟ್ಟು ನಾದೋ ಕೈ ಕಣೇ ಇದು.”

“ಆ ಜಂಬಕ್ಕೇ ಬಿಪಿ ಇಳೀತಿಲ್ಲ. ಇವತ್ತೂ ಇಳಿದಿಲ್ಲಾಂದ್ರೆ ನಿನ್ನ ಆಪರೇಷನ್ ಮತ್ತೆ ಮುಂದಕ್ಕೆ ಹೋಗುತ್ತೆ.”

“ಹೋಗ್ಲಿ.”

“ಹಾಗಂತ ನೀನೇ ಹೇಳು ಅತ್ತಿಗೆಗೆ. ನನ್ನ ಕೈಲಾಗಲ್ಲ.”

ಬೇಕರಿಯವನು ಸ್ಪ್ರಿಂಗನ್ನು ಬೆಂಚಿನ ಮೇಲೆ ಕುಕ್ಕಿದ. ತಂಗಿ ಅದನ್ನೆತ್ತಿ ಮತ್ತೆ ಚಾಚಿದಳು.

“ಒಂದೇ ಸಲ ಹಿಡಿಯೋ. ಅರ್ಧ ಬಲವೂ ಬೇಡ.”

“ರೋಗಿಗಳ ಥರಾನಾ?”

“ಹೂಂ, ರೋಗಿಗಳ ಥರಾನೇ.”

“ಹಿಡಿಯಲ್ಲ,” ಎಂದವನೇ ಎದ್ದು ಮೆಟ್ಟಿಲಿಳಿದ. ತಂಗಿ ಹಿಂದೆಯೇ ಓಡಿದಳು.