ಜೇಬಿನಲ್ಲೇ ಉಳಿದ ಮಾತ್ರೆ

ಅಧ್ಯಕ್ಷರಾದ ರಂಗನಾಯಕ ಸಾರ್ ಅವರೇ, ಮೈಸೂರಿನ ಆಸ್ಪತ್ರೆಯಿಂದ ಬಂದಿರುವ ಸಿಸ್ಟರ್ ಸಂಘಮಿತ್ರಾ ಅವರೇ, ನಮ್ಮ ಟಿ. ನರಸೀಪುರದ ಯುವಕ ಸಂಘದ ಗೆಳೆಯರೇ, ಬಿಸಿಲಲ್ಲಿ ಬಂದು ಕುಳಿತಿರುವ ಸಭಿಕರೇ,

ಶಾಲು ಹೊದಿಸಿದ್ದೀರಿ. ಸೆಕೆಯಾಗುತ್ತಿದೆ, ಆದರೂ ತೆಗೆಯಬಾರದಂತೆ. ನಾನು ಒಂಬತ್ತನೇ ಕ್ಲಾಸಿಗೇ ಸ್ಕೂಲು ಬಿಟ್ಟವನು. ನಂಜನಗೂಡಿನಲ್ಲಿ ಫ್ಯಾಕ್ಟರಿಗೆ ಸೇರಿ ಮೂರು ತಿಂಗಳೂ ನಿಲ್ಲಲಿಲ್ಲ. ಒಂದು ಕಡೆ ಕೂತರೆ ನನಗೆ ಕಾಲು ಜೋಮು ಹಿಡಿಯುತ್ತದೆ. ಅದಕ್ಕೇ ವ್ಯಾನ್ ಓಡಿಸುತ್ತೇನೆ. ಭಾಷಣ ಬರುವುದಿಲ್ಲ. ತಪ್ಪಿದರೆ ಮೇಷ್ಟ್ರುಗಳು ಈಗ ಹೊಡೆಯುವಂತಿಲ್ಲ, ಅದೊಂದು ಧೈರ್ಯ.

ಆಹ್ವಾನ ಪತ್ರಿಕೆಯಲ್ಲಿ ಬರೆದಿದ್ದೀರಿ: 'ಕ್ಯಾನ್ಸರ್ ಚಿಕಿತ್ಸೆಗೆ ಮಕ್ಕಳನ್ನು ಮೈಸೂರಿಗೆ ಕರೆದೊಯ್ಯುವ ಪುಟ್ಟರಾಜು. ಇವರ ವ್ಯಾನಿನಲ್ಲಿ ಒಂದು ಮಗುವೂ ವಾಂತಿ ಮಾಡಿಕೊಂಡಿಲ್ಲ.' ಯಾರು ಹೇಳಿದರು? ನಾನೇ. ಹಂಪ್‌ಗಳಲ್ಲಿ ನಿಧಾನ ಮಾಡುತ್ತೇನೆ, ಅದಕ್ಕೇ ಎಂದು ಟೀ ಅಂಗಡಿ ಮುಂದೆ ಕೊಚ್ಚಿಕೊಂಡಿದ್ದೆ. ಸುಳ್ಳು. ಬೇರೆ ಮಕ್ಕಳ ತಾಯಂದಿರು ಹೊತ್ತಿಗೆ ಸರಿಯಾಗಿ ಮಾತ್ರೆ ಕೊಟ್ಟಿದ್ದರು, ಅದಕ್ಕೆ. ಒಂದು ಮಗು ಮಾತ್ರ ವಾಂತಿ ಮಾಡಿಕೊಂಡಿತು. ನಮ್ಮ ಪಲ್ಲವಿ ಅಕ್ಕನ ಮಗಳು ಗಾನವಿ. ಏಳು ವರ್ಷ. ರಕ್ತದ ಕ್ಯಾನ್ಸರ್.

ಕ್ಯಾನ್ಸರ್ ಔಷಧಿಯ ಡ್ರಿಪ್‌ಗೆ ವಾಂತಿ ಬರುತ್ತದೆ. ಅದಕ್ಕೆ ಡ್ರಿಪ್ ಹಾಕುವ ಅರ್ಧ ಗಂಟೆ ಮೊದಲು ಒಂದು ಮಾತ್ರೆ, ಆಮೇಲೆ ಎರಡು ದಿನ ಹೇಳಿದ ಹೊತ್ತಿಗೆ ಒಂದೊಂದು. ಸಿಸ್ಟರ್ ಇದನ್ನು ನನಗೇ ಹೇಳಿದ್ದರು. ಮಗು ಮಾತ್ರೆ ಕಂಡರೆ ಅಳುತ್ತಿತ್ತು. ಅಕ್ಕ, "ಕೊಟ್ಬುಡ್ಲೇನೋ?" ಅಂದಳು. ನಾನು, "ಇರಕ್ಕ, ವಾಂತಿ ಬಂದ್ರೆ ಕೊಡಾಣ. ಬರ್ದೇ ಇರೋ ವಾಂತಿಗೆ ಮಾತ್ರೆ ಯಾಕೆ? ಒಂದಾದ್ರೂ ಕಮ್ಮಿ ನುಂಗ್ಲಿ ಮಗ" ಅಂದೆ. ಮಾತ್ರೆ ನನ್ನ ಜೇಬಿನಲ್ಲಿತ್ತು. ಸಿಸ್ಟರ್ ಬಂದು ಕೇಳಿದಾಗ, "ಕೊಟ್ಟಾಯ್ತು" ಅಂದೆ.

ಬರುವಾಗ ದಾರಿಯುದ್ದಕ್ಕೂ ವಾಂತಿ. ಆಗ ಕೊಟ್ಟ ಮಾತ್ರೆಯೂ ಹೊರಗೆ ಬಂತು. ಬುದ್ಧಿ ಬಂತೇ ನನಗೆ? ಬರಲಿಲ್ಲ. ವಿಷ ಹೊರಗೆ ಹೋಗುತ್ತಿದೆ, ಒಳ್ಳೆಯದೇ ಅಂದುಕೊಂಡೆ. ಹೀಗೆ ಮೂರು ಸಲ ಮಾಡಿದೆ ಸಾರ್. ಮೂರು ಸಲ.

ಹೋದ ತಿಂಗಳು ಮೂಗೂರಿನಲ್ಲಿ ಅಕ್ಕನ ಮನೆ ಮುಂದೆ ವ್ಯಾನ್ ನಿಲ್ಲಿಸಿ ಒಳಗೆ ಹೋದೆ. ಗಾನವಿ ನನ್ನ ಮುಖ ನೋಡಿದಳು. ಕೂತಲ್ಲೇ ವಾಂತಿ. ಔಷಧಿಯಿಲ್ಲ, ಡ್ರಿಪ್ ಇಲ್ಲ, ವ್ಯಾನ್ ಹತ್ತಿಯೇ ಇಲ್ಲ. ನನ್ನ ಮುಖ, ಅಷ್ಟೇ. ವ್ಯಾನ್ ಕಂಡು ಹಾಗಾಯಿತೇನೋ ಎಂದು ಮಾರನೇ ದಿನ ನಡೆದುಕೊಂಡು ಹೋದೆ. ಆಗಲೂ ವಾಂತಿ. "ಮಾವ, ನೀನು ಬರಬ್ಯಾಡ ಕಣ್ ಮಾವ" ಅಂದಳು. ಬಯ್ಯಲಿಲ್ಲ, ಬೇಡಿಕೊಂಡಳು. ಎತ್ತಿ ಆಡಿಸಿದ ಮಗು ಸಾರ್.

ಓಡಿಹೋಗಿ ಸಿಸ್ಟರ್‌ಗೆ ನಿಜ ಒಪ್ಪಿಕೊಂಡೆ. "ವಾಂತಿ ಬಂದ್ಮೇಲೆ ಕೊಡೋ ಮಾತ್ರೆ ಅಲ್ಲ ಕಣಪ್ಪ ಅದು, ಬರದಂಗೆ ತಡೆಯೋದು. ಮೊದಮೊದಲೇ ತಡೀಲಿಲ್ಲ ಅಂದ್ರೆ ಮಕ್ಕಳ ಮನಸ್ಸು ಅದನ್ನ ಕಲ್ತುಬುಡುತ್ತೆ. ಆಮೇಲೆ ಬಿಡಿಸೋದು ಕಷ್ಟ" ಅಂದರು. ಈಗ ಅಕ್ಕ ಅವಳನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತಾಳೆ. ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡುತ್ತಾಳೆ. ಈಗ ಡ್ರಿಪ್‌ಗೆ ಅಷ್ಟು ವಾಂತಿಯಿಲ್ಲವಂತೆ. ನನ್ನ ಮುಖ ಕಂಡರೆ ಮಾತ್ರ ಇನ್ನೂ ಇದೆ.

ಇವತ್ತು ನಾನು ಬಾಯಿಬಿಟ್ಟಿದ್ದು ಯಾಕೆ? ಮುಂದಿನ ಸಾಲಿನಲ್ಲಿರುವ ಪಾಪಮ್ಮಕ್ಕನ ಮಗನಿಗೆ ನಾಳೆ ಮೊದಲನೇ ಡ್ರಿಪ್. ನಾನು ಒಳಗೆ ಬರುವಾಗ ಬಾಗಿಲಲ್ಲಿ ಅವರೇ, "ಮಾತ್ರೆ ವಾಂತಿ ಬಂದ್ಮೇಲೆ ತಾನೇ ಪುಟ್ಟರಾಜು?" ಅಂದರು. "ಯಾರು ಹೇಳಿದ್ದು?" ಅಂದೆ. "ನೀನೇ ಅಲ್ವಾ, ಟೀ ಅಂಗಡೀಲಿ!" ಅಂದರು. ಹೌದು, ಅದನ್ನೂ ಅಲ್ಲಿ ನಾನೇ ಹೇಳಿದ್ದೆ. ಪಾಪಮ್ಮಕ್ಕ, ಮೊದಲೇ ಕೊಡಿ. ಮಗು ನಗುತ್ತಿದ್ದರೂ ಕೊಡಿ. ಅನುಮಾನವಿದ್ದರೆ ಸಿಸ್ಟರ್ ಇಲ್ಲೇ ಇದ್ದಾರೆ, ಅವರನ್ನು ಕೇಳಿ. ನನ್ನನ್ನು ಕೇಳಬೇಡಿ.

ಈಗ ನಿರೂಪಕರು ಚೀಟಿ ಕೊಟ್ಟಿದ್ದಾರೆ: ಗಾನವಿಯನ್ನು ಸಂಘದವರು ಕರೆಸಿದ್ದಾರೆ, ಹಿಂದೆ ಊಟದ ಕೋಣೆಯಲ್ಲಿದ್ದಾಳೆ, ಅವಳ ಕೈಯಿಂದ ನನಗೆ ಹಾರ ಹಾಕಿಸುತ್ತಾರಂತೆ. ನಿಮ್ಮ ಪ್ರೀತಿ ದೊಡ್ಡದು. ದಯವಿಟ್ಟು ಕರೆಯಬೇಡಿ. ನಾನು ಈ ಪಕ್ಕದ ಬಾಗಿಲಿನಿಂದ ಇಳಿದುಹೋಗುತ್ತೇನೆ. ನಾನು ರಸ್ತೆ ದಾಟಿದ ಮೇಲೆ ಅವಳಿಗೆ ಊಟ ಬಡಿಸಿ.

ಕೇಳಿಸಿಕೊಂಡಿರಿ, ಋಣಿಯಾಗಿದ್ದೇನೆ. ಎಲ್ಲರಿಗೂ ನಮಸ್ಕಾರ.