ಇಪ್ಪತ್ತನೇ ಪಾಠ

ಚಲುವರಾಜು ನನ್ನ ಪಾಠ ಕಿತ್ಕಂಡು ಬಿ.ಎಡ್. ಮುಗಿಸ್ದ. ಇದು ಎಲ್ಲಾರಿಗೂ ಗೊತ್ತಿರೋದು ದಿಲೀಪ, ನಾನೇನು ಹೊಸದು ಹೇಳ್ತಿಲ್ಲ. ನಮ್ಮೂರು ಶೀಳನೆರೇಲಿ ಡೈರಿ ಮುಂದೆ ಕ್ಯಾನು ಹಿಡ್ಕಂಡು ನಿಂತಿರೋರನ್ನ ಕೇಳು. ಬೇಡ, ಸಿಂಧಘಟ್ಟಕ್ಕೇ ಹೋಗಿ ಅವನ ಬೀದೀಲೇ ಕೇಳು. ಆಚಾರಿ ಮಗ, ಬೇರೆಯೋರ ಮರದಲ್ಲಿ ತನ್ನ ಬಾಗಿಲು ಮಾಡ್ಕಂಡ ಅಂತ ಅವರೇ ನಗ್ತಾರೆ.

ಸರಿಯಾಗಿ ಕೂತ್ಕೊ. ಬ್ಯಾಗು ಯಾಕೆ ತೊಡೆ ಮೇಲೆ ಅಂಗೆ ಅಪ್ಕಂಡಿದೀಯ? ಯಾರೂ ಎತ್ಕಂಡೋಗಲ್ಲ, ಇದು ಕೆ.ಆರ್. ಪೇಟೆ ಬಸ್ ಸ್ಟ್ಯಾಂಡು, ಇಲ್ಲಿ ಕದಿಯೋರಿಗೆ ಬ್ಯಾಗಿನ ಮೇಲೆ ಆಸೆ ಇಲ್ಲ. ಜವರಯ್ಯ, ಇವರಿಗೆ ಒಂದು ಕಾಫಿ. ನಾಗಮಂಗಲದಿಂದ ನಿಂತ್ಕಂಡೇ ಬಂದವ್ರೆ.

ಇದು ಅರ್ಜಿ. ಓದು. ಅರ್ಜಿದಾರ ಲಕ್ಷ್ಮಣ ಬಿನ್ ಬೋರಯ್ಯ, ಎಂ.ಎ., ಬಿ.ಎಡ್. ಕೆಳಗೆ ‘ಸಾಕ್ಷಿ’ ಅಂತ ಜಾಗ ಬಿಟ್ಟಿದೀನಿ. ಅಲ್ಲಿ ನಿಂದು ಒಂದು ಸೈನು. ಎರಡು ಗಂಟೆ ಬಸ್ಸಿಗೆ ನಾನು ಮಂಡ್ಯಕ್ಕೆ ಹೋಗ್ತೀನಿ. ತಾತ್ಕಾಲಿಕ ಪಟ್ಟಿಗೆ ಆಕ್ಷೇಪಣೆ ಕೊಡೋಕೆ ಇವತ್ತು ಸಂಜೆ ಐದು ಗಂಟೆ ಕೊನೆ. ಆಮೇಲೆ ಕೊಟ್ಟರೆ ಅದು ಕಾಗದ, ಅರ್ಜಿ ಅಲ್ಲ.

ಪಟ್ಟಿ ನೋಡ್ದಾ ನೀನು? ಹೈಸ್ಕೂಲು ಮೇಷ್ಟ್ರಾಗಿ ಆಯ್ಕೆಯಾದೋರಲ್ಲಿ ಕಡೇ ಹೆಸರು ಅವನದು. ಅದರ ಕೆಳಗೆ ಒಂದು ಗೆರೆ. ಗೆರೆ ಕೆಳಗೆ ಕಾಯ್ದಿರಿಸಿದ ಪಟ್ಟಿ, ಮೊದಲ್ನೇ ಹೆಸರು ನಂದು. ಒಂದು ಗೆರೆ ಕಣ್ಲಾ. ಸ್ಕೇಲಿಟ್ಟು ನೆಟ್ಟಗೆ ಎಳೆದವ್ರೆ. ಅವನು ಹೋದ್ರೆ ನಾನು ಮೇಲೆ. ಮುಂದಿನ ಸಲ ಕರೆಯೋಷ್ಟರಲ್ಲಿ ನನಗೆ ವಯಸ್ಸು ಮೀರಿರ್ತದೆ. ಅರ್ಥ ಆಯ್ತಾ ಈಗ, ಯಾಕೆ ಫೋನ್ ಮಾಡಿ ಕರೆಸ್ದೆ ಅಂತ?

ನೀನೇ ಯಾಕೆ ಅಂದ್ರೆ, ಆವತ್ತು ಆ ರೂಮಿನ ಹಿಂದಿನ ಬೆಂಚಲ್ಲಿ ಕೂತು ಬರ್ಕತಿದ್ದೋನು ನೀನು. ನೀನು ಸೈನ್ ಹಾಕಿದ್ರೆ ತೂಕ ಇರ್ತದೆ. ಇಲ್ದಿದ್ರೆ ಏನಂತಾರೆ? ಹೊಟ್ಟೆಕಿಚ್ಚಿಗೆ ಬರೆದವ್ನೆ ಅಂತಾರೆ.

ಯಾಕೆ ನಗ್ತೀಯ?

ಹೊಟ್ಟೆಕಿಚ್ಚಾ? ನನಗಾ? ನಲವತ್ತೈದೂವರೆ ಪರ್ಸೆಂಟಿನೋನ ಮೇಲೆ?

ನೋಡು. ಬಿ.ಎಡ್.ಗೆ ಸೇರೋಕೆ ಏನ್ ಬೇಕಿತ್ತು ಆಗ? ಡಿಗ್ರೀಲಿ ನಲವತ್ತೈದು. ಪಾಠ ಮಾಡೋ ಎರಡು ವಿಷಯವನ್ನ ಮೂರು ವರ್ಷವೂ ಓದಿರ್ಬೇಕು. ಮುಗೀತು. ಮಕ್ಕಳನ್ನ ಕೈಗೆ ಕೊಡೋಕೆ ನಲವತ್ತೈದು ಸಾಕು ಅಂತ ಯಾರೋ ಎಲ್ಲೋ ಕೂತು ತೀರ್ಮಾನ ಮಾಡಿದ್ರು. ಅವನದು ನಲವತ್ತೈದೂವರೆ. ಅದೂ ಮೂರನೇ ಪಟ್ಟೀಲಿ, ಯಾರೋ ಹುಡುಗಿ ಮದುವೆ ಆಗಿ ಸೀಟು ಬಿಟ್ಟೋದ್ಳು ಅಂತ ಸಿಕ್ಕಿದ್ದು. ಕಾಲೇಜು ಶುರುವಾಗಿ ಹದಿನೈದು ದಿನ ಆದ್ಮೇಲೆ ಬಂದ. ಪ್ಯಾಂಟಿಗೆಲ್ಲ ಮರದ ಹೊಟ್ಟು. ನೀನೇ ಅಲ್ವಾ ಕೊಡವಿದ್ದು?

ನಂದು ಅರವತ್ತೊಂದು. ಮೊದಲ್ನೇ ಪಟ್ಟಿ, ನಾಲ್ಕನೇ ಹೆಸರು. ಮೇಲೆ ಮೈಸೂರು ಗಂಗೋತ್ರಿ ಎಂ.ಎ. ಆ ಎಂ.ಎ.ಗೆ ಅಲ್ಲಿ ಅರ್ಧ ಅಂಕದ ಬೆಲೆಯೂ ಇರ್ಲಿಲ್ಲ. ಇರ್ಲಿ ಬುಡು. ನಾನು ಅದನ್ನ ಯಾರಿಗೂ ಹೇಳ್ಕಂಡು ತಿರುಗಿಲ್ಲ.

ಹೇಳಿದ್ದೆ, ಸರಿ. ಒಂದೆರಡು ಸಲ ಹೇಳಿರಬಹುದು.

ಸೇರಿದ ಮೇಲೆ ಮುಂದಕ್ಕೆ ಹೋಗೋಕೆ ಒಂದೇ ಗೇಟು. ಇತಿಹಾಸದಲ್ಲಿ ಇಪ್ಪತ್ತು ಪಾಠ, ಕನ್ನಡದಲ್ಲಿ ಇಪ್ಪತ್ತು. ನಿಜವಾದ ಸ್ಕೂಲಲ್ಲಿ, ನಿಜವಾದ ಮಕ್ಕಳ ಮುಂದೆ. ಪ್ರತಿ ಪಾಠಕ್ಕೂ ಯೋಜನೆ ಬರೀಬೇಕು, ನಮ್ಮ ಕಾಲೇಜಿನ ಮಂಚಯ್ಯ ಮೇಷ್ಟ್ರು ಸೈನ್ ಮಾಡ್ಬೇಕು, ಹಿಂದೆ ಕೂತ ಜೊತೆಗಾರ ವೀಕ್ಷಣಾ ಪುಸ್ತಕದಲ್ಲಿ ಬರ್ಕೋಬೇಕು. ಹತ್ತೊಂಬತ್ತಾದ್ರೆ ಹಾಲ್ ಟಿಕೆಟ್ ಇಲ್ಲ. ಮನೆಗೋಗು, ಮುಂದಿನ ವರ್ಷ ಬಾ. ಆ ಒಂದು ರೂಲು ಮಾತ್ರ ನನಗೆ ಸರಿ ಅನ್ನಿಸಿತ್ತು.

ಆ ಯೋಜನೆ ಪುಸ್ತಕ ನೆನಪಿದೆಯಾ? ಎಡಗಡೆ ನಾವು ಕೇಳೋ ಪ್ರಶ್ನೆ. ಬಲಗಡೆ ‘ನಿರೀಕ್ಷಿತ ಉತ್ತರ’. ನಾಳೆ ಬೆಳಿಗ್ಗೆ ಹದಿಮೂರು ವರ್ಷದ ಮಗು ಏನು ಹೇಳ್ತದೆ ಅಂತ ಇವತ್ತೇ ನಾವು ಬರ್ದಿಡೋದು. ಇದನ್ನ ಒಂದು ವರ್ಷ ಮಾಡಿದ್ರೆ ವಿಶ್ವವಿದ್ಯಾಲಯ ಪದವಿ ಕೊಡ್ತದೆ. ಆದ್ರೂ ನಾನು ಬರೆದೆ. ನನ್ನ ಪುಸ್ತಕವೇ ಕಾಲೇಜಲ್ಲಿ ಎಲ್ಲಕ್ಕಿಂತ ಚೆನ್ನಾಗಿತ್ತು, ಮಂಚಯ್ಯ ಮೇಷ್ಟ್ರು ಅದನ್ನ ಎತ್ತಿ ತೋರಿಸ್ತಿದ್ರು. ಅವನ ಪುಸ್ತಕ? ಬಲಗಡೆ ಖಾಲಿ. ಮೇಷ್ಟ್ರು ಯಾಕಪ್ಪಾ ಅಂತ ಕೇಳಿದ್ದಕ್ಕೆ ಏನಂದ ಗೊತ್ತಲ್ಲ? ‘ಅವರು ಹೇಳಿದ ಮೇಲೆ ಬರೀತೀನಿ ಸಾರ್.’ ಎಲ್ಲಾರೂ ನಕ್ರು. ಮೇಷ್ಟ್ರೂ ನಕ್ರು. ನಾನಾಗಿದ್ರೆ ವಾಪಸ್ ಕಳಿಸ್ತಿದ್ದೆ.

ಎಲ್ಲಾರನ್ನೂ ಬುಟ್ಟಿಗಾಕ್ಕಂಡಿದ್ದ ಅವನು. ಇಡೀ ಬ್ಯಾಚಿಗೆ ಬೋರ್ಡು ತೋರಿಸೋ ಕೋಲು ಕೆತ್ತಿ ಕೊಟ್ಟ, ಒಬ್ಬೊಬ್ಬರ ಕೈ ಅಳತೆ ತಗೊಂಡು. ನಿನಗೂ ಕೊಟ್ಟ. ನನಗೂ ಕೊಟ್ಟ. ನಾನು ಕೇಳಿರ್ಲಿಲ್ಲ.

ಈಗ ವಿಷಯಕ್ಕೆ ಬರ್ತೀನಿ. ಪಾಂಡವಪುರದ ಹೈಸ್ಕೂಲಲ್ಲಿ ಕಡೇ ದಿನ. ಅವರಪ್ಪ ಬಾಚೀಲಿ ಕೈ ಕುಯ್ಕಂಡ ಅಂತ ಅವನು ಎಂಟು ದಿನ ರಜಾ ಹಾಕಿದ್ದ, ಯಾರದೋ ಬಾಗಿಲು ಒಪ್ಪಿಸೋದಿತ್ತು. ಆದ್ದರಿಂದ ಪಾಠದಲ್ಲಿ ಹಿಂದೆ ಬಿದ್ದಿದ್ದ. ಅವನಿಗೆ ಹತ್ತೊಂಬತ್ತು ಆಗಿತ್ತು. ನನಗೂ ಹತ್ತೊಂಬತ್ತು. ಉಳಿದಿದ್ದು ಒಂದೇ ಪಿರಿಯಡ್ಡು, ಎಂಟನೇ ಬಿ, ಶ್ರೀರಂಗಪಟ್ಟಣದ ಪತನ. ಟೈಂಟೇಬಲಲ್ಲಿ ನನ್ನ ಹೆಸರಿತ್ತು. ನಾನು ಚಾರ್ಟು ತರೋಕೆ ಸ್ಟಾಫ್ ರೂಮಿಗೆ ಹೋದೆ. ಬರೋಷ್ಟರಲ್ಲಿ ಅವನು ಬೋರ್ಡ್ ಮುಂದೆ ನಿಂತು ಪಾಠ ಶುರು ಮಾಡ್ಬುಟ್ಟಿದ್ದ. ಮಕ್ಕಳ ಮುಂದೆ ಜಗಳ ಯಾಕೆ ಅಂತ ನಾನು ಸುಮ್ನಾದೆ. ಇಷ್ಟೇ ಅರ್ಜೀಲಿರೋದು. ಮೂರು ಸಾಲು. ನನ್ನ ಇಪ್ಪತ್ತನೇದು ಎಂಗಾಯ್ತು ಅಂತ ಅಲ್ಲಿ ಯಾರೂ ಕೇಳಲ್ಲ ಬುಡು.

ಮುಖ ಯಾಕೆ ಅಂಗ್ ಮಾಡ್ತೀಯ? ಕಾಫಿಗೆ ಸಕ್ಕರೆ ಜಾಸ್ತಿ ಆಯ್ತಾ?

ಕಾರಿಡಾರಲ್ಲಿ ನೋಡ್ದೋರು ಹತ್ತು ಜನ ಅವ್ರೆ. ನನ್ನ ಪಿರಿಯಡ್ಡಲ್ಲಿ ಅವನು ನಿಂತಿದ್ದನ್ನ ನೋಡವ್ರೆ. ಆಚೆ ಬಂದ್ಮೇಲೆ ‘ಏನ್ಲಾ ಲಕ್ಷ್ಮಣ, ಅದು ನಿನ್ನ ಕ್ಲಾಸಲ್ವಾ’ ಅಂತ ಕೇಳಿದ್ರು. ನಾನು ಒಂದೇ ಮಾತು ಅಂದೆ. ‘ಕಿತ್ಕಂಡ.’ ಮನೇಲಿ ಅವ್ವನಿಗೂ ಅಷ್ಟೇ ಅಂದೆ. ನಮ್ಮವ್ವ ದೊಡ್ಡತಾಯಮ್ಮನಿಗೆ ಒಂದು ಮಾತು ಹೇಳಿದ್ರೆ ಸಾಕು, ಮಾರನೇ ದಿನ ಹಾಲಿನ ಜೊತೆ ಊರೂರಿಗೆ ಹೋಯ್ತು.

ಅವನು ಇಲ್ಲ ಅಂದ್ನಾ? ಎರಡು ವರ್ಷ ಆಯ್ತು, ಒಂದು ಸಲ ಅಂದ್ನಾ? ಸುಳ್ಳಾಗಿದ್ರೆ ಅನ್ತಿರ್ಲಿಲ್ವಾ? ಸೋಮವಾರ ಇಲ್ಲೇ ಎದುರಾದ. ‘ಚೆನ್ನಾಗಿದೀಯಾ ಲಕ್ಷ್ಮಣ, ಪಟ್ಟೀಲಿ ನಿನ್ನ ಹೆಸರು ನೋಡ್ದೆ, ನಿಂಗೂ ಆಗ್ತದೆ ಬುಡು’ ಅಂದ. ಗೆರೆ ಮೇಲಿರೋನು ಗೆರೆ ಕೆಳಗಿರೋನಿಗೆ. ನನಗೆ ಆವತ್ತು ಊಟ ಸೇರ್ಲಿಲ್ಲ.

ಅದೂ ಸಿಂಧಘಟ್ಟಕ್ಕೇ ಹಾಕ್ತಾರಂತೆ ಅವನನ್ನ. ಮನೆಯಿಂದ ನಡ್ಕಂಡೋಗಿ ಪಾಠ ಮಾಡ್ತಾನೆ. ಮಕ್ಕಳು ಬಾಗಿಲಿಗೇ ಬರ್ತವೆ.

ಅವನದು ಪಾಠ ಅಂತೀಯಾ ನೀನು? ನೀನೇ ಹೇಳು. ನಾನು ಮೈಸೂರಲ್ಲಿ ಕೋಟೆ ನಕ್ಷೆ ಬರೆಸಿದ್ದೆ, ನಾಲ್ಕು ಬಣ್ಣ, ಒಡೆದ ಗೋಡೆಗೆ ಕೆಂಪು ಬಾಣ. ಅದು ಅಲ್ಲೇ ಬೋರ್ಡಿಗೆ ನೇತಾಕಿತ್ತು. ಅದರ ಕಡೆ ತಿರುಗಿ ನೋಡ್ಲಿಲ್ಲ ಅವನು. ಒಬ್ಬ ಹುಡುಗ ಚಿನಕುರಳಿ ಅಂದಿದ್ದ, ಅವನನ್ನ ಎಬ್ಬಿಸ್ದ. ನಿಮ್ಮೂರಿಂದ ಶ್ರೀರಂಗಪಟ್ಣಕ್ಕೆ ಎಂಗ್ ಹೋಗ್ತೀರಪ್ಪಾ ಅಂತ ಕೇಳ್ದ. ಕ್ಯಾತನಹಳ್ಳಿ ಹುಡುಗಿ ಒಂದು ದಾರಿ ಹೇಳಿದ್ಲು. ಒಬ್ಬೊಬ್ಬರ ದಾರೀನೂ ಸೀಮೆಸುಣ್ಣದಲ್ಲಿ ನೆಲದ ಮೇಲೆ ಬರೆದ. ಮೇಜು ಕೋಟೆ. ಮುಂದಿನ ಎರಡು ಬೆಂಚಿನ ಹುಡುಗರು ಹೊಳೆ, ಮೇಜಿನ ಎರಡು ಕಡೆಗೂ ಹರಿದು ನಿಂತ್ರು. ಆಮೇಲೆ ಕೇಳ್ದ. ‘ಮೇ ತಿಂಗಳಲ್ಲಿ ಹೊಳೆ ಎಷ್ಟಿರ್ತದೆ?’ ಮೊಣಕಾಲುದ್ದ ಸಾರ್ ಅಂದ್ವು ಎಲ್ಲವೂ. ‘ಅಂಗಾದ್ರೆ ಕೋಟೆ ಹಿಡಿಯೋಕೆ ಬಂದೋರು ಮೇ ತಿಂಗಳಲ್ಲೇ ಯಾಕೆ ಹೊಳೆ ದಾಟಿದ್ರು?’

ಹಿಂದಿನ ಬೆಂಚಿಂದ ಯಾವುದೋ ಒಂದು ಮಗು, ಮಳೆ ಬಂದ್ರೆ ದಾಟೋಕಾಗಲ್ಲ ಸಾರ್ ಅಂತು. ನಾನು ಎಂ.ಎ.ಲಿ ಹನ್ನೆರಡು ಪುಟ ಬರೆದಿದ್ದೆ ಅದರ ಬಗ್ಗೆ. ಎಂಟನೇ ಬಿ ಒಂದು ಸಾಲಲ್ಲಿ ಮುಗಿಸ್ತು. ಅವನು ಶಭಾಷ್ ಅನ್ನಲಿಲ್ಲ. ಬರೀ ತಲೆ ಆಡಿಸ್ದ. ಆ ಮಗುವಿನ ಮುಖ ನೋಡ್ಬೇಕಿತ್ತು ನೀನು.

ನೋಡಿದ್ದೆಯಲ್ಲ. ಹೌದು. ನೀನೂ ಅಲ್ಲೇ ಇದ್ದೆ.

ಏನು? ಯಾಕೆ ಅರ್ಜೀನ ಇನ್ನೊಂದ್ಸಲ ಓದ್ತಿದೀಯ? ಯಾವ ಸಾಲಿನ ಮೇಲೆ ಬೆರಳಿಟ್ಟೆ, ತೋರ್ಸು.

‘ಚಾರ್ಟು ತರೋಕೆ ಹೋದೆ.’ ಹೂಂ... ಚಾರ್ಟು ಬೋರ್ಡಿಗೆ ನೇತಾಕಿತ್ತು ಅಂದೆನಾ ನಾನು? ಆಮೇಲೆ ನೇತಾಕಿರಬಹುದು. ಸಣ್ಣ ವಿಷಯ ಅದು. ಇಷ್ಟೆಲ್ಲಾ ಎಂಗ್ ಗೊತ್ತು ಅಂದ್ರೆ... ಕಿಟಕೀಲಿ ಕೇಳಿಸ್ತು. ಆ ರೂಮಿಗೆ ಕಾರಿಡಾರ್ ಕಡೆ ಕಿಟಕಿ ಇತ್ತು.

ಇರ್ಲಿಲ್ವಾ?

ಸರಿ, ಬ್ಯಾಗ್ ಬಿಚ್ಚು. ಸದ್ಯ. ಪೆನ್ನು ತಗೊ, ಒಂದೂ ಮುಕ್ಕಾಲಾಯ್ತು, ಬಸ್ಸು ಆಗ್ಲೇ ಬಂದು ನಿಂತದೆ... ಇದೇನಿದು? ಕಂದು ರಟ್ಟು. ವೀಕ್ಷಣಾ ಪುಸ್ತಕ. ಇನ್ನೂ ಇಟ್ಟಿದೀಯಾ ಇದನ್ನ? ಎಲ್ಲಾರೂ ಹಳೇ ಪೇಪರಿಗೆ ಹಾಕಿದ್ರಲ್ಲ.

ಕೊಡು. ನಾನೇ ಓದ್ತೀನಿ.

‘ತರಗತಿ ಎಂಟನೇ ಬಿ. ಐದನೇ ಅವಧಿ. ಪಾಠ ಮಾಡಿದವರು ಲಕ್ಷ್ಮಣ.’ ನಿನ್ನ ಅಕ್ಷರ. ‘ಪ್ರಶ್ನೆ ಕೇಳುವ ಕೌಶಲ ಅತ್ಯುತ್ತಮ. ಸ್ಥಳೀಯ ಪರಿಸರದ ಬಳಕೆ ಅತ್ಯುತ್ತಮ. ತರಗತಿಯ ಮೇಲಿನ ಹಿಡಿತ ಅತ್ಯುತ್ತಮ.’ ಕೆಳಗೆ ಮಂಚಯ್ಯ ಮೇಷ್ಟ್ರ ಸೈನು.

ಇದನ್ನ ಯಾರಿಗಾದ್ರೂ ತೋರಿಸ್ತೀಯಾ?

ಏನಾದ್ರೂ ಅನ್ನು ದಿಲೀಪ. ಬಯ್ಯಿ. ಸೈನ್ ಹಾಕಲ್ಲ ಅನ್ನು. ಇಂಗೆ ಸುಮ್ನೆ ಕೂತು ನೋಡ್ಬೇಡ. ಆವತ್ತು ಆ ಮಕ್ಕಳೂ ಇಂಗೇ ನೋಡ್ತಿದ್ರು, ನಲವತ್ತೆರಡು ಜನ. ಒಂದೂ ಕೆಮ್ಮಲಿಲ್ಲ. ನೀವು ಯಾವ ಊರಿನವರು ಅಂತ ಕೇಳ್ದೆ, ಮೊದಲ್ನೇ ಪ್ರಶ್ನೆ. ಚಿನಕುರಳಿ ಅಂದ್ಬುಟ್ಟ ಆ ಹುಡುಗ. ನನ್ನ ಪುಸ್ತಕದ ಬಲಗಡೆ ಪಾಂಡವಪುರ ಅಂತಿತ್ತು. ಎರಡನೇ ಪ್ರಶ್ನೆ ಪಾಂಡವಪುರದ ಹಳೇ ಹೆಸರೇನು ಅಂತ. ಆದ್ರೆ ಯಾರೂ ಪಾಂಡವಪುರ ಅನ್ಲಿಲ್ಲ. ಇನ್ನೊಬ್ಬಳನ್ನ ಕೇಳ್ದೆ, ಕ್ಯಾತನಹಳ್ಳಿ ಅಂದ್ಲು. ಬಾಯಿ ತೆಗೆದೆ. ಏನೂ ಬರ್ಲಿಲ್ಲ. ಅವನು ಕೆತ್ತಿಕೊಟ್ಟ ಕೋಲು ಹಿಡ್ಕಂಡು ನಿಂತಿದ್ದೆ. ಎಷ್ಟು ನಿಮಿಷ? ವಾಚು ನೋಡ್ತಿದ್ದೋನು ನೀನು, ನಿಂಗೇ ಗೊತ್ತು.

ಅವನು ಹಿಂದಿಂದ ಎದ್ದು ಬಂದ. ನನ್ನ ಕೈಲಿದ್ದ ಕೋಲನ್ನೂ ತಗೊಳ್ಲಿಲ್ಲ. ಮಂಚಯ್ಯ ಮೇಷ್ಟ್ರು ಬಾಗಿಲಿಗೆ ಬಂದಾಗ ಅವನೇ ಅಂದ. ‘ಲಕ್ಷ್ಮಣ ಪಾಠ ಮುಗಿಸ್ದ ಸಾರ್. ಉಳಿದ ಟೈಮಲ್ಲಿ ನಾನು ಇನ್ನೊಂದ್ಸಲ ಹೇಳ್ತಿದೀನಿ ಅಷ್ಟೇ.’ ನೀನು ತಲೆ ಬಗ್ಗಿಸಿ ಬರ್ಕಂಡೆ.

ಅವನ ಇಪ್ಪತ್ತೂ ಪಾಠ ಹಿಂದಿನ ಶನಿವಾರವೇ ಮುಗಿದಿದ್ವು.

ಬಸ್ಸು ಹೋಗ್ತಾ ಅದೆ. ಹೋಗ್ಲಿ.

ನನ್ನ ಇಪ್ಪತ್ತನೇ ಪಾಠ ಮಾಡ್ದೋನು ಚಲುವರಾಜು.